ಖಾಲಿ ಪಟ್ಟಿಯ ಒಪ್ಪಿಗೆ

ಆ ಮನೆಯಲ್ಲಿ ಎಲ್ಲರೂ ಒಪ್ಪದೆ ಗೋಡೆಗೆ ಒಂದು ಮೊಳೆಯನ್ನೂ ಹೊಡೆಯುವಂತಿರಲಿಲ್ಲ. ತಾತನ ಕಾಲದ ಕಟ್ಟಳೆ ಅದು. ಪುಣ್ಯಾತ್ಮ, ಮನೆ ಒಡೆಯದಿರಲಿ ಎಂದು ಮಾಡಿಟ್ಟು ಹೋದ. ಮನೆ ಒಡೆಯಲಿಲ್ಲ, ನಿಜ. ಆದರೆ ಮನೆಯಲ್ಲಿ ಬೇರೆ ಏನೂ ಆಗಲೂ ಇಲ್ಲ. ಕೆಳಗಿದ್ದ ಅವರ ಲಾಂಡ್ರಿ ಅಂಗಡಿಯ ಬೋರ್ಡಿಗೆ ಯಾವ ಬಣ್ಣ ಬಳಿಯಬೇಕೆಂದು ಒಮ್ಮತವಾಗದೆ ಅದು ಬರೀ ತಗಡಾಗಿಯೇ ನೇತಾಡುತ್ತಿತ್ತು. ಹೊಸಬರು ತಗಡಿನ ಅಂಗಡಿಯೆಂದು ತಿಳಿದು ಬಕೆಟ್ಟು ಕೇಳಿಕೊಂಡು ಬರುತ್ತಿದ್ದರು. ಮೇಲೆ ನಡುಮನೆಯಲ್ಲಿ ಸೋಫಾದ ಒಂದು ಕಾಲು ಮುರಿದು ಯಾವ ಕಾಲವಾಗಿತ್ತೋ. ಹೊಸದು ತರೋಣವೆಂದು ಇಬ್ಬರು ಒಪ್ಪಿದರೆ ಮೂರನೆಯವರು ಮುನಿಸಿಕೊಳ್ಳುತ್ತಿದ್ದರು. ಹಾಗಾಗಿ ಎಲ್ಲರೂ ಒಂದೇ ಕಡೆಗೆ ವಾಲಿಕೊಂಡು ಕೂರುವುದನ್ನು ಕಲಿತುಬಿಟ್ಟಿದ್ದರು.

ಇಂಥ ಮನೆಯ ಮಗ ಪಾಪು. ವಯಸ್ಸು ನಲವತ್ತು ದಾಟಿ ನಡುನೆತ್ತಿ ಬಯಲಾಗಿದ್ದರೂ ಮನೆಯವರ ಬಾಯಲ್ಲಿ ಅವನು ಪಾಪುವೇ. ಲಿಫ್ಟು ತಯಾರಿಸುವ ಕಂಪನಿಯಲ್ಲಿ ಪ್ರೋಗ್ರಾಂ ಬರೆಯುವ ಕೆಲಸ ಅವನದು. ಎದುರು ಬೀದಿಯ ಮೂಲೆಯಲ್ಲಿ ಕ್ಲಿನಿಕ್ಕು ಇಟ್ಟುಕೊಂಡಿದ್ದ ಹಲ್ಲಿನ ಡಾಕ್ಟರು ತನ್ನ ಬಿಳಿ ಕೋಟುಗಳನ್ನು ಒಗೆಸಲು ಲಾಂಡ್ರಿಗೆ ಬರುತ್ತಿದ್ದಳು. ಕೋಟು ಕೊಡುವಾಗ ಎರಡು ಮಾತು, ಒಯ್ಯುವಾಗ ಎರಡು ಮಾತು. ಮಾತು ಬೆಳೆದು ಬೆಳೆದು, ಕೊನೆಗೆ ಶುಭ್ರವಾದ ಕೋಟನ್ನೂ ಒಗೆಯಲು ಹಾಕುವ ಮಟ್ಟಕ್ಕೆ ಬಂತು. ಮದುವೆಯಾಗೋಣ ಎಂದು ಇಬ್ಬರೂ ಮಾತಾಡಿಕೊಂಡು ಎರಡು ವರ್ಷವಾಗಿತ್ತು. ಎರಡು ವರ್ಷದಿಂದ ಪಾಪು ಮನೆಯವರ ಒಪ್ಪಿಗೆಗಾಗಿ ಕೋಣೆಯಿಂದ ಕೋಣೆಗೆ ಅಲೆಯುತ್ತಿದ್ದ.

ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ದೊಡ್ಡಪ್ಪನ ತಕರಾರು ಹೀಗಿತ್ತು: "ನಮ್ಮದು ಮಾತಾಡೋ ಮನೆ ಕಣೋ. ಅವಳ ಕಸುಬೇನು? ಜನರ ಬಾಯಿ ತೆರೆಸಿ, ಮಾತಾಡದ ಹಾಗೆ ಮಾಡೋದು!" ಹರಿದ ಬಟ್ಟೆ ಹೊಲಿಯುವ ಅತ್ತೆ, ಅಂದರೆ ಅಪ್ಪನ ತಂಗಿ, ಒಮ್ಮೆ ಹಲ್ಲು ತೋರಿಸಲು ಹೋಗಿದ್ದಾಗ ಡಾಕ್ಟರು ಪೆಪ್ಪರ್‌ಮಿಂಟು ಬಿಡಬೇಕು ಎಂದಿದ್ದಳಂತೆ. ಬಾಯಲ್ಲಿ ಪೆಪ್ಪರ್‌ಮಿಂಟು ಇಲ್ಲದಿದ್ದರೆ ಅತ್ತೆಗೆ ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. ಕಲೆ ತೆಗೆಯುವುದರಲ್ಲಿ ತನಗೆ ಸಮಾನರಿಲ್ಲ ಎಂದು ಬೀಗುತ್ತಿದ್ದ ಚಿಕ್ಕಪ್ಪನದು ಇನ್ನೂ ಆಳವಾದ ಗಾಯ. ಅವನು ಕಲೆ ತೆಗೆದುಕೊಟ್ಟ ಕೋಟನ್ನು ಆಕೆ ಬೆಳಕಿಗೆ ಹಿಡಿದು, "ಇಲ್ಲೇ ಇದೆಯಲ್ಲ!" ಎಂದುಬಿಟ್ಟಿದ್ದಳು.

"ನನ್ನ ಕೈ ದಾಟಿದ ಮೇಲೆ ಉಳಿಯೋದು ಕಲೆ ಅಲ್ಲ, ನೆರಳು," ಎಂದು ಚಿಕ್ಕಪ್ಪ ಈಗಲೂ ಹಲ್ಲು ಕಡಿಯುತ್ತಿದ್ದ.

ಯಾರಿಗೂ ಹೇಳದೆ ಕೇಳದೆ ಮದುವೆಯಾಗಿಬಿಡಬಹುದಿತ್ತಲ್ಲ ಎನ್ನುವಿರಿ. ಅಷ್ಟು ಎದೆಗಾರಿಕೆ ಇದ್ದಿದ್ದರೆ ಅವನನ್ನು ಪಾಪು ಎಂದು ಯಾರು ಕರೆಯುತ್ತಿದ್ದರು? ಅಲ್ಲದೆ ಡಾಕ್ಟರು ಚಿಕ್ಕಂದಿನಿಂದ ಹಾಸ್ಟೆಲ್ಲುಗಳಲ್ಲಿ ಬೆಳೆದವಳು. ಅವಳಿಗೆ ಗಂಡ ಎಷ್ಟು ಬೇಕೋ ಗದ್ದಲದ ಮನೆಯೂ ಅಷ್ಟೇ ಬೇಕಿತ್ತು. ಆದರೆ ತಾಳ್ಮೆಗೂ ಒಂದು ಮಿತಿ ಇದೆಯಲ್ಲ. "ಈ ತಿಂಗಳು ಮುಗಿಯೋದ್ರೊಳಗೆ ಒಂದು ಮಾತು ಹೇಳು," ಎಂದಳು. "ಆಗಲ್ಲ ಅಂದ್ರೆ ಆಗಲ್ಲ ಅನ್ನು, ನನ್ನ ದಾರಿ ನಾನು ನೋಡ್ಕೋತೀನಿ. ನಿಮ್ಮನೆ ಸೋಫಾ ಥರ ವಾಲ್ಕೊಂಡು ಕಾಯೋಕೆ ನನ್ನಿಂದ ಆಗಲ್ಲ."

ಕಷ್ಟ ಬಂದಾಗ ಒಬ್ಬೊಬ್ಬರು ಒಂದೊಂದರ ಮೊರೆ ಹೋಗುತ್ತಾರೆ. ಪಾಪು ಪ್ರೋಗ್ರಾಮಿನ ಮೊರೆ ಹೋದ.

ಅವನ ಕಸುಬಿನಲ್ಲಿ ದಿನಬೆಳಗಾದರೆ ಬಳಸುವ ಎರಡು ಸಿದ್ಧ ಫಂಕ್ಷನ್ನುಗಳಿದ್ದವು, ಅಂದರೆ ಕರೆದಾಗ ಒಂದು ಕೆಲಸ ಮಾಡಿಕೊಡುವ ಆಳುಗಳು. ನಾವು ಬರೆಯಬೇಕಾಗಿಲ್ಲ, ಪ್ರೋಗ್ರಾಮಿನ ಭಾಷೆಯೊಳಗೇ ಕೂತಿರುತ್ತವೆ, ಹೆಸರು ಹಿಡಿದು ಕರೆದರೆ ಸಾಕು. ಒಂದರ ಹೆಸರು ಆಲ್, ಅಂದರೆ ಎಲ್ಲವೂ; ಇನ್ನೊಂದರ ಹೆಸರು ಎನಿ, ಅಂದರೆ ಯಾವುದಾದರೂ ಒಂದು. ಎಲ್ಲ ಮಹಡಿಯ ಬಾಗಿಲುಗಳೂ ಮುಚ್ಚಿದ್ದರೆ ಮಾತ್ರ ಲಿಫ್ಟು ಹೊರಡಬೇಕು, ಅದನ್ನು ನೋಡಿಕೊಳ್ಳುವುದು ಆಲ್. ಯಾವುದಾದರೂ ಒಂದು ಬಾಗಿಲು ತೆರೆದಿದ್ದರೂ ಗಂಟೆ ಹೊಡೆದುಕೊಳ್ಳಬೇಕು, ಅದು ಎನಿಯ ಪಾಲು. ಎರಡೂ ಮಹಾ ಸೋಮಾರಿಗಳು. ಪಟ್ಟಿಯ ಉದ್ದಕ್ಕೂ ನಡೆಯುತ್ತಾ ಹೋಗುವ ಆಲ್‌ಗೆ ಒಂದು 'ಇಲ್ಲ' ಸಿಕ್ಕಿತೋ, ಅಲ್ಲೇ ಕೈ ಚೆಲ್ಲಿ 'ಇಲ್ಲ' ಎಂದು ವಾಪಸ್ಸು ಬರುತ್ತದೆ. ಮುಂದಿನವರತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ಎನಿಗೆ ಒಂದು 'ಹೌದು' ಸಿಕ್ಕಿದರೆ ಅದೇ ಕಥೆ.

ಮನೆಯ ಕಟ್ಟಳೆಗೆ ಆಲ್ ಹೇಳಿ ಮಾಡಿಸಿದಂತಿತ್ತು. ಆಫೀಸಿನಲ್ಲಿ ಬಿದ್ದಿದ್ದ ಹಳೆಯ ಲಿಫ್ಟಿನ ಗುಂಡಿಗಳನ್ನು ಪಾಪು ಕೇಳಿ ತಂದ. ಒಬ್ಬೊಬ್ಬರಿಗೂ ಒಂದು ಜೊತೆ. ಮೇಲಕ್ಕೆ ಬಾಣವಿರುವ ಗುಂಡಿ ಒತ್ತಿದರೆ ಬೇಕು, ಕೆಳಕ್ಕೆ ಬಾಣವಿರುವುದನ್ನು ಒತ್ತಿದರೆ ಬೇಡ. ಯಾರು ಒತ್ತಿದ್ದಾರೆ ಎಂದು ಇನ್ನೊಬ್ಬರ ಮುಖ ನೋಡಬೇಕಾಗಿಲ್ಲ, ಮುಖ ನೋಡಿ ಜಗಳ ತೆಗೆಯಬೇಕಾಗಿಲ್ಲ. ನಡುಮನೆಯಲ್ಲಿ ಒಂದು ಪೆಟ್ಟಿಗೆ. ಅದು ಲಿಫ್ಟಿನ ಹೆಂಗಸಿನ ದನಿಯಲ್ಲಿ ಪಟ್ಟಿಯ ಹೆಸರುಗಳನ್ನು ಒಂದೊಂದಾಗಿ ಓದಿ ಕೊನೆಗೆ ತೀರ್ಮಾನ ಹೇಳುತ್ತದೆ. ಎಲ್ಲರೂ ಒಪ್ಪಿದರೆ ಚಪ್ಪಾಳೆಯ ಸದ್ದು ಬರುವಂತೆಯೂ ಮಾಡಿದ್ದ. ಪಾಪದವನು, ಆಸೆ.

ಭಾನುವಾರ ಬೆಳಿಗ್ಗೆ ಮೂವರು ಹಿರಿಯರೂ ಸೋಫಾದ ಮೇಲೆ ವಾಲಿಕೊಂಡು ಕೂತರು. ಅಮ್ಮ ಪಕ್ಕದ ಕೋಣೆಯಲ್ಲಿ ಇಸ್ತ್ರಿ ಹಾಕುತ್ತಿದ್ದಳು. ಪಾಪು ಹುಟ್ಟುವ ಮುಂಚಿನಿಂದ ಆ ಮನೆಯ ಇಸ್ತ್ರಿಯೆಲ್ಲ ಅವಳದೇ. ಅಪ್ಪ ತೀರಿಕೊಂಡ ವಾರವೂ ಅದು ನಿಂತಿರಲಿಲ್ಲ. ವಿಷಯ ಏನೆಂದು ಪಾಪು ತೊದಲುತ್ತಾ ಹೇಳಿದ. ಮೂವರೂ ಅವರವರ ಗುಂಡಿ ಒತ್ತಿದರು. ಪೆಟ್ಟಿಗೆ ಗಂಟಲು ಸರಿಮಾಡಿಕೊಂಡಿತು.

"ದೊಡ್ಡಪ್ಪ: ಬೇಡ. ತೀರ್ಮಾನ ಬಿದ್ದುಹೋಗಿದೆ."

ದೊಡ್ಡಪ್ಪ ತೃಪ್ತಿಯಿಂದ ಮೀಸೆ ನೀವಿಕೊಂಡ. ಪಾಪುವಿನ ಮುಖ ಬಾಡಿತು. ಆದರೆ ನಿಜವಾದ ಸಂಕಟವಾದದ್ದು ಅತ್ತೆಗೆ.

"ನಂದು ಯಾಕೆ ಓದ್ಲಿಲ್ಲ?"

"ಒಂದು ಬೇಡ ಸಿಕ್ಕಿದ ತಕ್ಷಣ ಅದು ನಿಂತುಬಿಡುತ್ತೆ ಅತ್ತೆ. ಮುಂದಿನೋರು ಏನಂದಿದ್ರೂ ಲೆಕ್ಕಕ್ಕಿಲ್ಲ."

"ಲೆಕ್ಕಕ್ಕಿಲ್ವಾ? ಏನೋ ಹಾಗಂದ್ರೆ? ನಾನು ರಾತ್ರಿಯಿಡೀ ಯೋಚನೆ ಮಾಡಿ, ಕಾರಣಗಳನ್ನೆಲ್ಲ ಬಾಯಿಪಾಠ ಮಾಡ್ಕೊಂಡು ಬಂದು ಬೇಡ ಅಂದಿದ್ದೀನಿ. ನನ್ನ ಬೇಡಕ್ಕೆ ಬೆಲೆ ಇಲ್ವಾ ಈ ಮನೇಲಿ?" ಅತ್ತೆಯ ಬಾಯಲ್ಲಿದ್ದ ಪೆಪ್ಪರ್‌ಮಿಂಟು ಕಟಕಟನೆ ಪುಡಿಯಾಯಿತು. "ಮೊದಲು ನನ್ನ ಹೆಸರು ಹಾಕು!"

ಪಾಪು ಹೇಳಿಕೇಳಿ ಪಾಪು. ಹಾಕಿದ.

"ಅತ್ತೆ: ಬೇಡ. ತೀರ್ಮಾನ ಬಿದ್ದುಹೋಗಿದೆ," ಎಂದಿತು ಪೆಟ್ಟಿಗೆ.

"ಹಿರಿಯ ನಾನು!" ದೊಡ್ಡಪ್ಪ ಎದ್ದು ನಿಂತ. ಅವನು ಎದ್ದ ಕೂಡಲೇ ಸೋಫಾ ಇನ್ನೊಂದು ಕಡೆಗೆ ವಾಲಿ, ಅತ್ತೆ ಚಿಕ್ಕಪ್ಪನ ಮಡಿಲಿಗೆ ಜಾರಿದಳು. "ನನಗಿಂತ ಮೊದಲು ತಂಗಿ ಬೇಡ ಅನ್ನೋದಾ? ನನ್ನ ಬೇಡ ಕೇಳಿಸದ ಪಟ್ಟಿಯಲ್ಲಿ ನಾನಿರಲ್ಲ. ತೆಗಿ ನನ್ನ ಹೆಸರು! ಈಗಲೇ ತೆಗಿ! ಇನ್ನು ಈ ವಿಷಯದಲ್ಲಿ ನಾನು ಬಾಯಿ ಬಿಟ್ರೆ ಕೇಳು!"

ಪಾಪು ತೆಗೆದ. ದೊಡ್ಡಪ್ಪ ಧಡಧಡನೆ ಕೆಳಗಿಳಿದು ಹೋದ.

ಈಗ ಚಿಕ್ಕಪ್ಪ ಗುಟುರು ಹಾಕಿದ. ನಿಜವಾಗಿ ಅವಮಾನವಾದದ್ದು ತನಗೆ, ಕೋಟು ಬೆಳಕಿಗೆ ಹಿಡಿಸಿಕೊಂಡವನು ತಾನು, ಆದರೆ ತನ್ನ ಸರದಿ ಮಾತ್ರ ಬರುವುದೇ ಇಲ್ಲ ಎಂದರೆ ಇದೆಂಥ ನ್ಯಾಯ? ಅತ್ತೆ ಜಾಗ ಬಿಡಲು ಒಪ್ಪಲಿಲ್ಲ. ಅಣ್ಣನಿಗೆ ಹೆದರದವಳು ತಮ್ಮನಿಗೆ ಬಗ್ಗುತ್ತಾಳೆಯೇ? ಮಾತಿಗೆ ಮಾತು ಬೆಳೆದು, ಚಿಕ್ಕಂದಿನಲ್ಲಿ ಯಾರು ಯಾರ ಬುಗುರಿ ಕದ್ದರು ಎಂಬಲ್ಲಿಗೆ ಹೋಗಿ ಮುಟ್ಟಿತು. "ಅವನೊಬ್ಬನೇ ಬೇಡ ಅನ್ಕೊಂಡು ಕೂತಿರ್ಲಿ! ನನ್ನ ಹೆಸರೂ ತೆಗಿ!" ಎಂದು ಅತ್ತೆ ಸೂಜಿ ದಾರ ಬಾಚಿಕೊಂಡು ಎದ್ದಳು. ಬಾಗಿಲ ತನಕ ಹೋದವಳು ತಿರುಗಿ ನಿಂತು, ತೆಗೆದಿದ್ದಾನೆ ಎಂದು ಖಾತ್ರಿ ಮಾಡಿಕೊಂಡೇ ಹೋದಳು.

"ಚಿಕ್ಕಪ್ಪ: ಬೇಡ. ತೀರ್ಮಾನ ಬಿದ್ದುಹೋಗಿದೆ."

ಚಿಕ್ಕಪ್ಪನ ಮುಖ ಅರಳಿತು. ಅದನ್ನು ಇನ್ನೊಮ್ಮೆ ಓದಿಸಿದ. ಮತ್ತೊಮ್ಮೆ ಓದಿಸುವಷ್ಟರಲ್ಲಿ ಏನೋ ಹೊಳೆದಂತೆ ಅತ್ತಿತ್ತ ನೋಡಿದ. ಸೋಫಾ ಖಾಲಿ. ಕೋಣೆ ಖಾಲಿ. ಎದುರಿಗೆ ಅಳುವಂತೆ ನಿಂತ ಅಣ್ಣನ ಮಗ.

"ಲೋ, ಅಂದ್ರೆ ನಿನ್ನ ಮದುವೆ ತಪ್ಪಿಸಿದೋನು ನಾನೊಬ್ಬನೇ ಅಂತ ಆಗುತ್ತಾ?"

"ಹೌದು ಚಿಕ್ಕಪ್ಪ. ಈಗ ಪಟ್ಟಿಯಲ್ಲಿರೋದು ನೀವೊಬ್ಬರೇ."

"ಎಲಾ ಇವರ! ಇಬ್ಬರೂ ಸೇರಿ ಅಪವಾದ ನನ್ನ ತಲೆಗೆ ಕಟ್ಟಿ ಜಾರಿಕೊಂಡ್ರಾ? ನಾಳೆ ಊರೆಲ್ಲ ಏನನ್ನುತ್ತೆ? ಒಂದು ಕೋಟಿನ ಕಲೆಗೆ ಹುಡುಗನ ಬಾಳು ಹಾಳು ಮಾಡಿದ ಅನ್ನುತ್ತೆ. ನನಗ್ಯಾಕಪ್ಪ ಇಲ್ಲದ ಉಸಾಬರಿ! ನಂದೂ ತೆಗಿ!"

ಪಾಪು ತೆಗೆದ. ಪೆಟ್ಟಿಗೆ ಒಂದು ಕ್ಷಣವೂ ಯೋಚಿಸಲಿಲ್ಲ.

"ಎಲ್ಲರೂ ಒಪ್ಪಿದ್ದಾರೆ. ಶುಭವಾಗಲಿ."

ಆಮೇಲೆ ಚಪ್ಪಾಳೆ. ತುಂಬಿದ ಸಭಾಂಗಣದಲ್ಲಿ ಹೊಡೆಯುವಂಥ ಚಪ್ಪಾಳೆ. ಆ ಸದ್ದಿಗೆ ದೊಡ್ಡಪ್ಪನೂ ಅತ್ತೆಯೂ ಮೆಟ್ಟಿಲು ಹತ್ತಿ ಓಡಿ ಬಂದರು.

"ಯಾರೋ ಒಪ್ಪಿದೋರು?" ದೊಡ್ಡಪ್ಪ ಕೇಳಿದ.

ಪಾಪು ಬಗ್ಗಿ ಪಟ್ಟಿ ನೋಡಿದ, ಅದರಲ್ಲಿ ಒಂದು ಹೆಸರೂ ಇರಲಿಲ್ಲ. ಆಮೇಲೆ ಅವನ ಕಸುಬು ಅವನ ಕೈಹಿಡಿಯಿತು. ಖಾಲಿ ಪಟ್ಟಿ ಕೊಟ್ಟರೆ ಆಲ್ ಹೌದು ಎಂದೇ ಹೇಳುತ್ತದೆ. ಅದು ಹುಡುಕುವುದು 'ಇಲ್ಲ' ಎಂದವರನ್ನು. ಯಾರೂ ಇಲ್ಲದ ಕಡೆ 'ಇಲ್ಲ' ಎನ್ನುವವರು ಎಲ್ಲಿ ಸಿಗಬೇಕು? ಸಿಗಲಿಲ್ಲ ಎಂದ ಮೇಲೆ ಎಲ್ಲರೂ ಒಪ್ಪಿದ ಹಾಗೆ. ಇದನ್ನೇ ಅವನು ಬಿಡಿಸಿ ಹೇಳಿದ. ಮೂವರೂ ಬಾಯಿ ತೆರೆದರು, ಒಬ್ಬರನ್ನೊಬ್ಬರು ನೋಡಿ ಮುಚ್ಚಿಕೊಂಡರು. ಹೆಸರು ತೆಗೆ ಎಂದು ಎಲ್ಲರ ಎದುರು ಕೂಗಾಡಿದವರು ಈಗ ಮತ್ತೆ ಹಾಕು ಎಂದು ಯಾವ ಮುಖ ಇಟ್ಟುಕೊಂಡು ಕೇಳುವುದು? ಅಷ್ಟರಲ್ಲಿ ಪಾಪು ಚಪ್ಪಲಿ ಮೆಟ್ಟಿ ಬೀದಿ ದಾಟಿಯಾಗಿತ್ತು. ಬಲಗಾಲಿಗೆ ತನ್ನದು, ಎಡಗಾಲಿಗೆ ಚಿಕ್ಕಪ್ಪನದು.

ಡಾಕ್ಟರು ಒಬ್ಬ ರೋಗಿಯ ಬಾಯೊಳಗೆ ಕೈಯಿಟ್ಟು ನಿಂತಿದ್ದಳು. ಭಾನುವಾರವೂ ಹಲ್ಲು ನೋವಿಗೆ ರಜೆ ಇಲ್ಲವಲ್ಲ. "ಎಲ್ಲರೂ ಒಪ್ಪಿದ್ರು!" ಎಂದು ಪಾಪು ಬಾಗಿಲಲ್ಲೇ ಕೂಗಿದ.

ಅವಳ ಕಣ್ಣು ಅರಳಿತು. "ನಿಮ್ಮ ಚಿಕ್ಕಪ್ಪನೂ?"

ಅಲ್ಲಿಗೆ ಪಾಪುವಿನ ಹಾರಾಟ ಮುಗಿಯಿತು. ಅವನಿಗೆ ಸುಳ್ಳು ಹೇಳಲು ಬಾರದು. ಹೇಳಿದರೂ ಅವನ ಬಯಲು ನೆತ್ತಿ ಕೆಂಪಗಾಗಿ ಗುಟ್ಟು ಬಿಟ್ಟುಕೊಡುತ್ತದೆ. ನಡೆದದ್ದೆಲ್ಲವನ್ನೂ ಹೇಳಿದ. ಡಾಕ್ಟರು ಮೊದಲು ನಕ್ಕಳು, ಕೈಯಲ್ಲಿದ್ದ ಉಪಕರಣ ಅಲುಗಾಡುವಷ್ಟು ನಕ್ಕಳು. ಕುರ್ಚಿಯಲ್ಲಿದ್ದವನು ಗಾಬರಿಯಿಂದ ಎರಡೂ ಕೈಯೆತ್ತಿದ. ಆಮೇಲೆ ನಗು ತಾನಾಗಿಯೇ ನಿಂತುಹೋಯಿತು.

"ಅಂದ್ರೆ ನನ್ನ ಯಾರೂ ಬೇಡ ಅಂದಿಲ್ಲ. ಬೇಕು ಅಂದೋರು ಯಾರು?"

ಎಡಗಾಲಿನ ಚಪ್ಪಲಿ ತನ್ನದಲ್ಲವೆಂದು ಪಾಪು ಆಗ ನೋಡಿದ.

"ಇನ್ನೊಂದು ಇದೆ ಅಂತಿದ್ದೆಯಲ್ಲ, ಗಂಟೆ ಹೊಡೆಯೋದು. ಅದರಲ್ಲಿ ಕೇಳು. ಒಬ್ಬರಾದ್ರೂ ಇದ್ದಾರಾ ಅಂತ."

ಪಾಪು ಪೆಟ್ಟಿಗೆಯ ಪ್ರೋಗ್ರಾಮನ್ನು ಫೋನಿನಲ್ಲೇ ತೆರೆದು, ಆಲ್ ಅಳಿಸಿ ಎನಿ ಬರೆದ. ಅದೇ ಪಟ್ಟಿ, ಅದೇ ದನಿ. "ಯಾರೂ ಒಪ್ಪಿಲ್ಲ," ಎಂದಿತು ಫೋನು. ಎಲ್ಲರೂ ಒಪ್ಪಿದ್ದಾರೆ, ಯಾರೂ ಒಪ್ಪಿಲ್ಲ. ಎರಡೂ ನಿಜ. ಲಿಫ್ಟಿನ ವಿಷಯದಲ್ಲಾದರೆ ಪಾಪುವಿಗೆ ಇದು ತಮಾಷೆಯಾಗಿ ಕಾಣುತ್ತಿತ್ತು.

"ನನಗೆ ಬೇಡ ಅನ್ನೋರಿದ್ರೆ ಇರ್ಲಿ," ಎಂದಳು ಡಾಕ್ಟರು. ಅವಳ ದನಿ ತಗ್ಗಿತ್ತು. "ಜಗಳ ಆಡ್ಕೊಂಡು ಇರ್ತೀನಿ, ನನಗೇನೂ ಬೇಜಾರಿಲ್ಲ. ಆದ್ರೆ ಬಾ ಅನ್ನೋರು ಒಬ್ಬರೂ ಇಲ್ಲದ ಮನೆಗೆ ನಾನು ಬರಲ್ಲ. ಖಾಲಿ ಕೋಣೆಗಳಲ್ಲಿ ಬೇಕಾದಷ್ಟು ಇದ್ದು ಬಂದಿದ್ದೀನಿ." ಆಮೇಲೆ ಕೇಳಿದಳು, "ಪಟ್ಟಿಯಲ್ಲಿ ಯಾರ್ಯಾರಿದ್ರು?"

"ದೊಡ್ಡಪ್ಪ, ಅತ್ತೆ, ಚಿಕ್ಕಪ್ಪ."

"ನಿಮ್ಮಮ್ಮ?"

ರೋಗಿಯ ಬಾಯೊಳಗಿನ ನೀರು ಎಳೆಯುವ ಕೊಳವೆ ಗೊರಗೊರ ಎಂದಿತು. ಪಾಪು ನೆಲ ನೋಡಿದ. ಅಮ್ಮನನ್ನು ಬೇಕೆಂದು ಬಿಟ್ಟದ್ದಲ್ಲ. ಪಟ್ಟಿ ಮಾಡುವಾಗ ಹಿರಿಯರು ಎಂದುಕೊಂಡ. ಹಿರಿಯರು ಎಂದರೆ ಕೂಗಾಡುವವರು. ಅಮ್ಮ ಕೂಗಾಡಿದ್ದನ್ನು ಅವನು ಕಂಡೇ ಇರಲಿಲ್ಲ. ಅಮ್ಮ ಅಂದರೆ ಪಕ್ಕದ ಕೋಣೆಯಲ್ಲಿ ಇಸ್ತ್ರಿ ಹಾಕುತ್ತಿರುವವಳು, ಅಷ್ಟೇ. ಕುರ್ಚಿಯಲ್ಲಿದ್ದ ರೋಗಿ ಮಾತಾಡಲಾಗದಿದ್ದರೂ ಕಣ್ಣಲ್ಲೇ ಅವನಿಗೆ ಛೀಮಾರಿ ಹಾಕಿದ.

ಪಾಪು ಮನೆಗೆ ಬಂದಾಗ ಅಮ್ಮ ಯಾರದೋ ಅಂಗಿಯ ಕಾಲರಿಗೆ ಇಸ್ತ್ರಿ ಹಾಕುತ್ತಿದ್ದಳು. "ಅಮ್ಮ, ನಾನು ಆ ಹಲ್ಲಿನ ಡಾಕ್ಟರನ್ನ ಮದುವೆ ಆಗ್ಬೇಕು ಅಂತಿದ್ದೀನಿ. ನೀನೇನಂತೀಯ?"

ಅಮ್ಮ ಹಿಂದೆ ತಿರುಗಿ ನೋಡಿದಳು, ಅಲ್ಲಿ ಬೇರೆ ಯಾರಾದರೂ ನಿಂತಿದ್ದಾರೇನೋ ಎಂಬಂತೆ. "ನನ್ನ ಕೇಳ್ತಿದ್ದೀಯಾ?"

"ಹೂಂ. ಕೇಳದೆ ಇದ್ದಿದ್ದು ತಪ್ಪಾಯ್ತಮ್ಮ."

ಅಮ್ಮ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. ಸೆರಗಿನಿಂದ ಹಣೆ ಒರೆಸಿಕೊಂಡಳು. "ಯೋಚನೆ ಮಾಡಿ ಹೇಳ್ತೀನಿ," ಎಂದಳು.

ಅಮ್ಮ ತಕ್ಷಣ ಹೂಂ ಎನ್ನುತ್ತಾಳೆ ಎಂದೇ ಅವನು ಎಣಿಸಿದ್ದ. ಅವಳು ಕಾಲರು ಮುಗಿಸಿದಳು. ಒಂದು ತೋಳು ಮುಗಿಸಿದಳು. ಇನ್ನೊಂದು ತೋಳಿಗೆ ನೀರು ಚಿಮುಕಿಸಿದಳು. ಅವಳಿಗೆ ಯಾವ ಅವಸರವೂ ಇದ್ದಂತೆ ಕಾಣಲಿಲ್ಲ. ಹಾಗೆ ನೋಡಿದರೆ, ಅವಳಿಗೆ ಬಹಳ ಹಿತವಾಗಿತ್ತು. ಅಷ್ಟು ಹೊತ್ತಿಗೆ ಉಳಿದ ಮೂವರೂ ಬಾಗಿಲಿಗೆ ಬಂದು ಕತ್ತು ಚಾಚಿ ನಿಂತಿದ್ದರು.

"ಅವಳು ಚೆನ್ನಾಗಿ ನಗ್ತಾಳಾ?"

"ನಗ್ತಾಳೆ. ಈಗಷ್ಟೇ ನಗ್ತಿದ್ಲು, ನನ್ನ ನೋಡಿ."

"ನೀನು ತಪ್ಪು ಮಾಡಿದ್ರೆ ಹೇಳ್ತಾಳಾ?"

"ನಿನ್ನ ಹೆಸರು ಪಟ್ಟಿಯಲ್ಲಿಲ್ಲ ಅಂತ ಕಂಡುಹಿಡಿದಿದ್ದೇ ಅವಳು."

ಅಮ್ಮನ ಕೈ ತೋಳಿನ ಮೇಲೆ ನಿಂತಿತು. ಅವಳು ಇಸ್ತ್ರಿಪೆಟ್ಟಿಗೆಯ ಪ್ಲಗ್ಗನ್ನೇ ಕಿತ್ತಳು. ಹಗಲು ಹೊತ್ತಿನಲ್ಲಿ ಅದರ ದೀಪ ಆರಿದ್ದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ. "ನಂಗೂ ಗುಂಡಿ ಕೊಡು," ಎಂದಳು. "ಬಾಯಲ್ಲಿ ಹೇಳಿದ್ರೆ ಇವರ ಗಲಾಟೇಲಿ ಕೇಳ್ಸಲ್ಲ. ಅದೇ ಓದಿ ಹೇಳ್ಲಿ."

ಪಾಪುವಿನ ಚೀಲದಲ್ಲಿ ಒಂದು ಜೊತೆ ಹೆಚ್ಚಿಗೆ ಇತ್ತು. ಯಾರದಾದರೂ ಕೆಟ್ಟರೆ ಇರಲಿ ಎಂದು ತಂದದ್ದು. ಪಟ್ಟಿಗೆ ಅವಳ ಹೆಸರು ಸೇರಿಸಿ ಅದನ್ನು ಕೊಡುವಾಗ ಅವನಿಗೆ ಅಮ್ಮನ ಮುಖ ನೋಡಲಾಗಲಿಲ್ಲ. ಅಮ್ಮ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ಬಲವಾಗಿ ಒತ್ತಿದಳು.

"ಅಮ್ಮ: ಬೇಕು. ತೀರ್ಮಾನ ಆಗಿದೆ," ಎಂದಿತು ನಡುಮನೆಯ ಪೆಟ್ಟಿಗೆ.

"ಆಗಿದೆಯಾ? ಹೆಂಗಾಗುತ್ತೆ?" ದೊಡ್ಡಪ್ಪ ಹೌಹಾರಿದ. "ನಮ್ಮನ್ನ ಕೇಳ್ದೇನೇ?"

"ಈಗ ಹಾಕಿರೋದು ಎನಿ, ದೊಡ್ಡಪ್ಪ. ಒಬ್ಬರು ಬೇಕು ಅಂದ್ರೆ ಸಾಕು, ಉಳಿದೋರದ್ದು ಓದಲ್ಲ. ಅವಳಿಗೂ ಒಬ್ಬರೇ ಸಾಕಂತೆ."

ಇದು ಮೂವರಿಗೂ ಬೇಡ ಎಂದದ್ದು ಕೇಳಿಸದೆ ಹೋದದ್ದಕ್ಕಿಂತ ದೊಡ್ಡ ಅವಮಾನವಾಗಿ ಕಂಡಿತು. ಅವರಿಲ್ಲದೆ ಆ ಮನೆಯಲ್ಲಿ ಒಂದು ಮದುವೆ ನಡೆದೇ ಹೋಗುವುದೇ? ಹೆಸರು ಹಾಕು ಎಂದು ಮೂವರೂ ಒಟ್ಟಿಗೆ ಪಾಪುವಿನ ಮೇಲೆ ಬಿದ್ದರು. ಹಾಕಿದ. ಪೆಟ್ಟಿಗೆ ಮತ್ತೆ ಅಮ್ಮನ ಹೆಸರಿಗೇ ನಿಂತುಬಿಟ್ಟಿತು.

"ನಮ್ಮೆಲ್ಲರ ಹೆಸರೂ ಓದೋ ಹಾಗೆ ಮಾಡೋಕೆ ಬರಲ್ವೇನೋ ನಿನಗೆ?" ಅತ್ತೆ ಕಣ್ಣಲ್ಲಿ ನೀರು ತಂದುಕೊಂಡು ಕೇಳಿದಳು.

"ಬರುತ್ತೆ. ಮೊದಲಿನ ಥರ ಆಲ್ ಹಾಕಿದ್ರೆ ಓದುತ್ತೆ." ಪಾಪು ತಲೆ ಕೆರೆದುಕೊಂಡ. "ಆದ್ರೆ ಅದು ಬೇಡ ಸಿಕ್ಕಿದ ಕಡೆ ನಿಂತುಬಿಡುತ್ತೆ. ಕೊನೇ ತನಕ ಓದಬೇಕು ಅಂದ್ರೆ ಯಾರೂ ಬೇಡ ಅನ್ನಬಾರದು."

ಮೂವರೂ ಇದನ್ನು ಮನಸ್ಸಿನಲ್ಲೇ ಅಳೆದು ಸುರಿದು ನೋಡಿದರು. ಪಾಪು ಮತ್ತೆ ಆಲ್ ಹಾಕಿದ ಮೇಲೆ ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ, ಗುಂಡಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಒತ್ತಿದರು.

"ಅಮ್ಮ: ಬೇಕು. ದೊಡ್ಡಪ್ಪ: ಬೇಕು. ಅತ್ತೆ: ಬೇಕು. ಚಿಕ್ಕಪ್ಪ:" ಎಂದು ಪೆಟ್ಟಿಗೆ ಉಸಿರೆಳೆದುಕೊಂಡಾಗ ಎಲ್ಲರೂ ಚಿಕ್ಕಪ್ಪನನ್ನು ಕೆಕ್ಕರಿಸಿ ನೋಡಿದರು. "ಬೇಕು. ಎಲ್ಲರೂ ಒಪ್ಪಿದ್ದಾರೆ."

"ಯಾಕೆ ಹಾಗೆ ನೋಡ್ತೀರಾ? ನಾನೇನು ರಾಕ್ಷಸನಾ?" ಎಂದ ಚಿಕ್ಕಪ್ಪ. ಅವನ ಮಾತು ಚಪ್ಪಾಳೆಯಲ್ಲಿ ಮುಳುಗಿಹೋಯಿತು.

ಪಾಪು ಫೋನೆತ್ತಿದ. "ಎಲ್ಲರೂ ಒಪ್ಪಿದ್ರು," ಎಂದು ಕೂಗಿದ.

ಆ ಕಡೆಯಿಂದ ಡಾಕ್ಟರ ದನಿ ಕೋಣೆಗೆಲ್ಲ ಕೇಳಿಸಿತು. "ಮತ್ತೆ ಖಾಲಿ ಪಟ್ಟಿನಾ?"

ಅಮ್ಮ ಮಗನ ಕೈಯಿಂದ ಫೋನು ತೆಗೆದುಕೊಂಡಳು.

"ಖಾಲಿ ಇಲ್ಲಮ್ಮ," ಎಂದಳು. "ನಾನಿದ್ದೀನಿ. ಬಾ."